ಹಳ್ಳಿಯ ಡೇರಿಯಲ್ಲಿ ವರ್ಷಗಟ್ಟಲೆ ಓಡುವ ಲಿನಕ್ಸ್ ಯಂತ್ರಕ್ಕೆ ಬೋರ್ಡ್ ಆರಿಸುವುದು ಹೇಗೆ?

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಅಂದರೆ ಬಹುಪಾಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಒಳ್ಳೆಯ ಅಡಾಪ್ಟರಿಗೆ ಸಿಕ್ಕಿಸಿದ ಬೋರ್ಡ್ ಪರೀಕ್ಷಕರು ಬಂದು ಹೋಗುವವರೆಗೆ ಚೆನ್ನಾಗಿಯೇ ನಡೆಯುತ್ತದೆ. ಅದೇ ಬೋರ್ಡನ್ನು ಜಗಳೂರು ಕಡೆಯ ಒಂದು ಹಾಲಿನ ಡೇರಿಗೆ ಒಯ್ದು ಗೋಡೆಗೆ ಬಿಗಿದರೆ ನಿಜವಾದ ಪರೀಕ್ಷೆ ಶುರು. ಅಲ್ಲಿ ಕರೆಂಟ್ ಹೇಳದೆ ಹೋಗುತ್ತದೆ, ಹೇಳದೆ ಬರುತ್ತದೆ. ಬೆಳಗಿನ ಜಾವ ಕ್ಯಾನ್ ಹಿಡಿದು ನಿಂತ ರೈತರಿಗೆ ಯಂತ್ರ ಏಳುವುದಕ್ಕೆ ಕಾಯುವ ಪುರಸೊತ್ತಿಲ್ಲ. ಕೀಬೋರ್ಡು, ಮಾನಿಟರು ಜೋಡಿಸಿ ಸರಿಮಾಡುವವರು ಹತ್ತಿರದಲ್ಲಿ ಯಾರೂ ಇರುವುದಿಲ್ಲ.

ಅಂಥ ಜಾಗಕ್ಕೆ ಸಿಂಗಲ್ ಬೋರ್ಡ್ ಕಂಪ್ಯೂಟರ್ (ಒಂದೇ ಬೋರ್ಡಿನ ಮೇಲಿನ ಪೂರ್ತಿ ಕಂಪ್ಯೂಟರ್) ಆರಿಸುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಬೋರ್ಡಿನ ವೇಗ ಕೊನೆಗೆ ನೋಡಬೇಕಾದ ಸಂಗತಿ. ಕರೆಂಟ್ ಹೋದಾಗ ಅದು ಹೇಗೆ ಬೀಳುತ್ತದೆ, ಬಂದಾಗ ಹೇಗೆ ಏಳುತ್ತದೆ, ಐದು ವರ್ಷದ ಮೇಲೆ ಅದಕ್ಕೆ ಹೊಸ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕಟ್ಟಲು ನಮ್ಮಿಂದ ಆಗುತ್ತದೆಯೇ ಎಂಬುದನ್ನು ಮೊದಲು ತೂಗಿ ನೋಡಬೇಕು. ಉದಾಹರಣೆಗೆ ಹಾಲು ಅಳೆದು ಚೀಟಿ ಕೊಡುವ ಯಂತ್ರವನ್ನೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಯಂತ್ರ ಬೇರೆಯಾಗಿದ್ದರೂ ಕೇಳಬೇಕಾದ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ಹಂತ 1: ಬೋರ್ಡಿನ ಹೆಸರೆತ್ತುವ ಮೊದಲು ಕೆಲಸವನ್ನು ಬರೆಯಿರಿ

ಒಂದು ಹೊತ್ತು ಡೇರಿಯಲ್ಲೇ ನಿಂತು ನೋಡಿ. ರೈತ ಹಾಲು ಸುರಿಯುತ್ತಾನೆ, ಎಲೆಕ್ಟ್ರಾನಿಕ್ ತಕ್ಕಡಿ ತೂಕ ಹೇಳುತ್ತದೆ. ಸ್ಯಾಂಪಲ್ ಮಿಲ್ಕ್ ಅನಲೈಸರ್‌ಗೆ ಹೋಗಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರುತ್ತದೆ. ದರ ಲೆಕ್ಕವಾಗಿ ಥರ್ಮಲ್ ಪ್ರಿಂಟರಿನಿಂದ ಚೀಟಿ ಹೊರಬರುತ್ತದೆ. ಹೊತ್ತು ಮುಗಿದ ಮೇಲೆ ಒಟ್ಟು ಲೆಕ್ಕ ಒಕ್ಕೂಟಕ್ಕೆ ಹೋಗಬೇಕು. ನಮ್ಮ ಕಡೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗೆ ಸೇರಿ ಒಂದೇ ಹಾಲು ಒಕ್ಕೂಟ.

ಇಷ್ಟನ್ನು ನೋಡಿದ ಮೇಲೆ ಹಾಳೆಯ ಮೇಲೆ ಬರೆಯಬೇಕಾದದ್ದು: ಯಾವ ಯಂತ್ರ ಯಾವ ತಂತಿಯಲ್ಲಿ ಮಾತಾಡುತ್ತದೆ, ಎಷ್ಟು ವೋಲ್ಟ್, ಎಷ್ಟು ಪೋರ್ಟ್. ತಕ್ಕಡಿ, ಅನಲೈಸರ್ ಎರಡೂ ಸಾಮಾನ್ಯವಾಗಿ ಆರ್‌ಎಸ್-232 ಸೀರಿಯಲ್, ಅಂದರೆ ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಹಳೆಯ ಬಗೆಯ ಜೋಡಣೆ. ಪ್ರಿಂಟರ್ ಯುಎಸ್‌ಬಿ ಅಥವಾ ಸೀರಿಯಲ್. ರೈತನ ಕಡೆಗೊಂದು ಡಿಸ್‌ಪ್ಲೇ. ಸಿಮ್ ಹಾಕುವ ಮೋಡೆಮ್. ಇದರ ಜೊತೆಗೆ ಯಂತ್ರ ಎಷ್ಟು ವರ್ಷ ಓಡಬೇಕು, ಒಟ್ಟು ಎಷ್ಟು ಪೀಸ್ ಮಾಡುತ್ತೀರಿ, ಕೆಟ್ಟರೆ ಯಾರು ಬಿಚ್ಚುತ್ತಾರೆ ಎಂದೂ ಬರೆಯಿರಿ. ಅಳತೆಯ ಮಧ್ಯದಲ್ಲಿ ಕರೆಂಟ್ ಹೋದರೆ ಆ ರೈತನ ಹಾಲಿನ ಲೆಕ್ಕ ಏನಾಗಬೇಕು ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ಇರಲಿ. ಆ ಉತ್ತರ ಮುಂದಿನ ಅರ್ಧ ನಿರ್ಧಾರಗಳನ್ನು ತಾನೇ ಮಾಡುತ್ತದೆ.

ಒಂದು ಎಚ್ಚರಿಕೆ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಅದನ್ನು ಬಿಚ್ಚಿ ಒಳಗೆ ತೂಕ ಗ್ರಹಿಸುವ ಲೋಡ್ ಸೆಲ್‌ಗೆ ನಿಮ್ಮ ಬೋರ್ಡ್ ಜೋಡಿಸುವ ಯೋಚನೆ ಬೇಡ. ಹಿಂದಿನ ಸೀರಿಯಲ್ ಪೋರ್ಟಿನಿಂದ ಬರುವ ಅಂಕಿಯನ್ನಷ್ಟೇ ತೆಗೆದುಕೊಳ್ಳಿ.

ಹಂತ 2: ಲಿನಕ್ಸ್ ಬೇಕೇ ಬೇಕೇ?

ಹಿರಿಯೂರು, ಚಳ್ಳಕೆರೆ ಕಡೆ ಬೋರ್‌ವೆಲ್ ಸ್ಟಾರ್ಟರಿಗೆ ಒಂದು ಸಾಧನ ಮಾಡುವವರು ಕೇಳಿದರೆ ನಾನು ಬೇಡ ಎನ್ನುತ್ತೇನೆ. ತ್ರೀ ಫೇಸ್ ಬಂತೇ, ಒಂದು ಫೇಸ್ ಹೋಗಿದೆಯೇ, ನೀರಿಲ್ಲದೆ ಮೋಟಾರ್ ಓಡುತ್ತಿದೆಯೇ ಎಂದು ನೋಡಿ ರಿಲೇ ಬಿಡಿಸಿ, ಮೊಬೈಲಿಗೆ ಒಂದು ಸಂದೇಶ ಕಳಿಸುವುದಕ್ಕೆ ಇಎಸ್‌ಪಿ32 ಅಥವಾ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ (ಸಣ್ಣ ನಿಯಂತ್ರಣ ಕೆಲಸಗಳಿಗೆಂದೇ ಇರುವ ಪುಟ್ಟ ಚಿಪ್) ಸಾಕು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂರುತ್ತದೆ. ಹಾಳಾಗಲು ಫೈಲ್ ಸಿಸ್ಟಮ್ಮೇ ಇಲ್ಲ, ವಿದ್ಯುತ್ತೂ ಕಡಿಮೆ ಸಾಕು. ಅಲ್ಲಿಗೆ ಲಿನಕ್ಸ್ ತಂದರೆ ಕೆಡುವ ಭಾಗಗಳನ್ನು ನಾವೇ ಹೆಚ್ಚಿಸಿದ ಹಾಗೆ.

ಡೇರಿಯ ಯಂತ್ರದ ಕತೆ ಬೇರೆ. ಹಲವು ಸಾಧನಗಳು ಒಟ್ಟಿಗೆ, ವರ್ಷಗಳ ಲೆಕ್ಕದ ಡೇಟಾಬೇಸ್, ಸುರಕ್ಷಿತ ನೆಟ್‌ವರ್ಕ್, ದೂರದಿಂದ ಅಪ್‌ಡೇಟ್ ಎಲ್ಲವೂ ಬೇಕು. ಜೊತೆಗೆ ನಮ್ಮ ಭಾಷೆಯದೇ ಒಂದು ಕಾರಣ ಇದೆ, ಇದನ್ನು ಬೋರ್ಡ್ ಆರಿಸುವವರು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೀಟಿ ಕನ್ನಡದಲ್ಲಿ ಬರಬೇಕು. ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಇದ್ದರೂ ಒತ್ತಕ್ಷರ ಸರಿಯಾಗಿ ಕೂರುತ್ತದೆಂಬ ಭರವಸೆ ಇಲ್ಲ. ‘ತಿಪ್ಪೇಸ್ವಾಮಿ’ ಎಂಬ ಹೆಸರಿನಲ್ಲೇ ಪಕಾರಕ್ಕೆ ಒತ್ತು, ದೀರ್ಘ, ಸಕಾರಕ್ಕೆ ವಕಾರದ ಒತ್ತು ಇವೆ. ಅರ್ಕಾವತ್ತು ಬಂದರಂತೂ ಬರೆಯುವ ಕ್ರಮವೇ ತಿರುಗುತ್ತದೆ. ಲಿನಕ್ಸಿನಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್, ಪ್ಯಾಂಗೊ ಲೈಬ್ರರಿಗಳು, ಒಂದು ನೋಟೋ ಕನ್ನಡ ಫಾಂಟ್ ಇದ್ದರೆ ಸಾಲನ್ನು ಚಿತ್ರವಾಗಿ ಬಿಡಿಸಿ ಪ್ರಿಂಟರಿಗೆ ಚುಕ್ಕೆಗಳಾಗಿ ಕಳಿಸಬಹುದು. 58 ಮಿಲಿಮೀಟರ್ ಕಾಗದದ ಪ್ರಿಂಟರಿನಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ 384 ಚುಕ್ಕೆ. ಅರ್ಧ ಎಂಬಿಯಷ್ಟು ಮೆಮೊರಿಯ ಇಎಸ್‌ಪಿ32ನಲ್ಲಿ ಇದನ್ನು ಮಾಡಲು ಹೆಣಗಬೇಕು. 512 ಎಂಬಿ ರಾಮ್ ಇರುವ ಲಿನಕ್ಸ್ ಬೋರ್ಡಿಗೆ ಇದು ಭಾರವೇ ಅಲ್ಲ. ತನ್ನ ಹೆಸರು ತಪ್ಪಾಗಿ ಅಚ್ಚಾದ ಚೀಟಿಯನ್ನು ರೈತ ನಂಬಬೇಕಾಗಿ ಬರಬಾರದು. ಈ ಒಂದು ಕಾರಣಕ್ಕೇ ನಾನು ಇಲ್ಲಿ ಲಿನಕ್ಸ್ ಹಿಡಿಯುತ್ತೇನೆ.

ಹಂತ 3: ಸೀರಿಯಲ್ ಪೋರ್ಟುಗಳನ್ನು ಎಣಿಸಿ

ಬೋರ್ಡಿನ ಪೆಟ್ಟಿಗೆಯ ಮೇಲೆ ಗಿಗಾಹರ್ಟ್ಸ್ ದೊಡ್ಡದಾಗಿ ಬರೆದಿರುತ್ತದೆ. ಯುಎಆರ್‌ಟಿ, ಅಂದರೆ ಸೀರಿಯಲ್ ಪೋರ್ಟ್ ನಡೆಸುವ ಸರ್ಕ್ಯೂಟ್, ಎಷ್ಟಿವೆ ಎಂದು ಬರೆದಿರುವುದಿಲ್ಲ. ನಮ್ಮ ಯಂತ್ರಕ್ಕೆ ಕಡಿಮೆ ಎಂದರೂ ಎರಡು ಬೇಕು, ದೋಷ ಹುಡುಕುವ ಕನ್ಸೋಲಿಗೆ ಇನ್ನೊಂದು.

ರಾಸ್ಪ್‌ಬೆರಿ ಪೈ 3ರಲ್ಲಿ ಒಳ್ಳೆಯ ಯುಎಆರ್‌ಟಿಯನ್ನು ಬ್ಲೂಟೂತ್ ಹಿಡಿದುಕೊಂಡಿದೆ. ಹೊರಗಿನ ಪಿನ್ನುಗಳಿಗೆ ಸಿಗುವುದು ಮಿನಿ ಯುಎಆರ್‌ಟಿ. ಅದರ ವೇಗ ಚಿಪ್ಪಿನ ಕೋರ್ ಗಡಿಯಾರಕ್ಕೆ ಕಟ್ಟಿಕೊಂಡಿರುವುದರಿಂದ ಗಡಿಯಾರವನ್ನು ಸ್ಥಿರ ಮಾಡದಿದ್ದರೆ ಬಾಡ್ ದರ (ಡೇಟಾ ಹೋಗುವ ವೇಗ) ಅಲ್ಲಾಡುತ್ತದೆ. ಬ್ಲೂಟೂತ್ ಬೇಡವೆಂದು ಮುಚ್ಚಿದರೆ ಒಳ್ಳೆಯದು ಸಿಗುತ್ತದೆ, ಆದರೂ ಒಂದೇ. ಪೈ 4ರಲ್ಲಿ ಹೆಚ್ಚುವರಿ ನಾಲ್ಕು ಯುಎಆರ್‌ಟಿಗಳನ್ನು ಪಿನ್ನುಗಳಿಗೆ ತರಬಹುದು. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಇನ್ನೊಂದು ಬೋರ್ಡಿನಲ್ಲೂ ಪಿನ್ನುಗಳ ಹೆಡರಿನಲ್ಲಿ ಹಲವು ಸಿಗುತ್ತವೆ.

ಪಿನ್ನು 3.3 ವೋಲ್ಟಿನದು, ಆರ್‌ಎಸ್-232 ಅದಕ್ಕಿಂತ ಎಷ್ಟೋ ಹೆಚ್ಚಿನ, ಧನ-ಋಣ ಎರಡೂ ಕಡೆ ತೂಗುವ ವೋಲ್ಟೇಜಿನದು. ನಡುವೆ ಮ್ಯಾಕ್ಸ್3232 ತರಹದ ಚಿಪ್ ಇಲ್ಲದೆ ಜೋಡಿಸಿದರೆ ಬೋರ್ಡ್ ಹೋಯಿತು ಎಂದೇ ತಿಳಿಯಿರಿ. ಯಂತ್ರಗಳು ದೂರ ಇದ್ದರೆ ಆರ್‌ಎಸ್-485 ಬಳಸಿ, ಅದು ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ. ಆಗಲೂ 3.3 ವೋಲ್ಟಿನ ಟ್ರಾನ್ಸೀವರ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಮೊದಲು ಕೈಗೆ ಬರುವ ಮ್ಯಾಕ್ಸ್485 ಮಾಡ್ಯೂಲ್ 5 ವೋಲ್ಟಿನದು.

ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕೇಬಲ್ ಹಾಕಿದರಾಯಿತು ಎನ್ನುವವರಿಗೆ ಒಂದು ಮಾತು. ಅಗ್ಗದ ಸಿಎಚ್340 ಕೇಬಲುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸೀರಿಯಲ್ ನಂಬರ್ ಇರುವುದಿಲ್ಲ. ಎರಡು ಹಾಕಿದರೆ ಇವತ್ತು ಮೊದಲನೆಯದಾಗಿ ಎದ್ದದ್ದು ನಾಳೆ ಎರಡನೆಯದಾಗಿ ಏಳಬಹುದು, ತೂಕದ ಜಾಗಕ್ಕೆ ಫ್ಯಾಟ್ ಬಂದು ಕೂರಬಹುದು. ಯುಎಸ್‌ಬಿ ಪೋರ್ಟಿನ ಜಾಗವನ್ನು ನೋಡಿ ಹೆಸರಿಡುವ ಯುಡೆವ್ (ಲಿನಕ್ಸಿನಲ್ಲಿ ಸಾಧನಗಳನ್ನು ಗುರುತಿಸುವ ಭಾಗ) ನಿಯಮವನ್ನು ಕಡ್ಡಾಯವಾಗಿ ಬರೆಯಿರಿ.

ಹಂತ 4: ಕರೆಂಟಿನ ಲೆಕ್ಕ

ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಬೇಕೆಂದು ತಯಾರಕರೇ ಹೇಳುತ್ತಾರೆ. ಆದರೆ ಅಡಾಪ್ಟರಿನ ಬಾಯಲ್ಲಿ 5 ವೋಲ್ಟ್ ಇದ್ದರೆ ಸಾಲದು, ಬೋರ್ಡಿನ ಬಾಯಲ್ಲಿ ಇರಬೇಕು. ಹೋಗಿ ಬರುವ ದಾರಿ ಸೇರಿ 0.2 ಓಮ್ ಇರುವ ತೆಳು ಕೇಬಲಿನಲ್ಲಿ 2.5 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆಯಿತು. ಪೈ 4.63 ವೋಲ್ಟಿಗಿಂತ ಕೆಳಗಿಳಿದಾಗಲೇ ಎಚ್ಚರಿಕೆ ಕೊಡುತ್ತದೆ. ಇಲ್ಲಿ ಉಳಿದದ್ದು 4.5. ಮೋಡೆಮ್ ಟವರ್ ಹುಡುಕುವ ಹೊತ್ತಿಗೆ ಸರಿಯಾಗಿ ಬೋರ್ಡ್ ರೀಬೂಟ್ ಆದರೆ ಕೋಡ್ ತಡಕುವ ಮೊದಲು ಮೀಟರ್ ಹಿಡಿದು ಇದನ್ನು ಅಳೆಯಿರಿ.

ಹೊರಗಿನಿಂದ 12 ವೋಲ್ಟ್ ತಂದು ಬೋರ್ಡಿನ ಪಕ್ಕದಲ್ಲೇ 5 ವೋಲ್ಟಿಗೆ ಇಳಿಸುವುದು ಉತ್ತಮ. 9ರಿಂದ 36 ವೋಲ್ಟ್‌ವರೆಗೆ ತಡೆಯುವ ಡಿಸಿ ಕನ್ವರ್ಟರ್, ಅದರ ಮುಂದೆ ಫ್ಯೂಸ್, ವೋಲ್ಟೇಜ್ ಏಟು ತಡೆಯುವ ಟಿವಿಎಸ್ ಡಯೋಡ್ ಹಾಕಿ. ಯುಪಿಎಸ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇದೆ. ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಿ, 42 ಆಯಿತು. ಕನ್ವರ್ಟರಿನಲ್ಲಿ ಕಳೆಯುವುದನ್ನು ಬಿಟ್ಟರೆ ಸುಮಾರು 36. ಬೋರ್ಡ್, ಡಿಸ್‌ಪ್ಲೇ, ಮೋಡೆಮ್ ಸೇರಿ ಸರಾಸರಿ 6 ವ್ಯಾಟ್ ಎಳೆದರೆ ಆರು ಗಂಟೆ, ಒಂದು ಹೊತ್ತಿನ ಅಳತೆಗೆ ಧಾರಾಳ. ಅದೇ ಜಾಗದಲ್ಲಿ 12 ವ್ಯಾಟ್ ಎಳೆಯುವ ವೇಗದ ಬೋರ್ಡ್ ಇಟ್ಟರೆ ಮೂರು ಗಂಟೆ. ಯಾವ ಕೆಲಸಕ್ಕೂ ಬಾರದ ವೇಗಕ್ಕೆ ಬ್ಯಾಟರಿಯ ಬೆಲೆ ತೆತ್ತಂತಾಯಿತು.

ಹಂತ 5: ನೆನಪು ಮತ್ತು ಗಡಿಯಾರ

ಹಳ್ಳಿಯಲ್ಲಿ ಲಿನಕ್ಸ್ ಯಂತ್ರಗಳು ಸಾಯುವುದು ಹೆಚ್ಚಾಗಿ ಮೈಕ್ರೋ ಎಸ್‌ಡಿ ಕಾರ್ಡಿನಿಂದ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಒಳಗಿನ ಕಂಟ್ರೋಲರ್ ತನ್ನದೇ ಲೆಕ್ಕದ ಪುಟವನ್ನು ಅರ್ಧಕ್ಕೆ ಬಿಡಬಹುದು. ಆಗ ನೀವು ಬರೆಯುತ್ತಿದ್ದ ಫೈಲ್ ಮಾತ್ರವಲ್ಲ, ಮುಟ್ಟದೇ ಇದ್ದ ಫೈಲೂ ಹೋಗುತ್ತದೆ. ಆದ್ದರಿಂದ ಬೋರ್ಡಿಗೇ ಬೆಸೆದ ಇಎಂಎಂಸಿ ಎಂಬ ಫ್ಲ್ಯಾಶ್ ಚಿಪ್ ಇರುವ ಮಾದರಿಗೆ ನನ್ನ ಮೊದಲ ಮತ. ಸಾದಾ ರಾಸ್ಪ್‌ಬೆರಿ ಪೈಗಳಲ್ಲಿ ಅದಿಲ್ಲ. ಇನ್ನೊಂದು ಬೋರ್ಡಿಗೆ ಸಿಕ್ಕಿಸುವ ಅವರದೇ ಕಂಪ್ಯೂಟ್ ಮಾಡ್ಯೂಲ್ 4ರಲ್ಲಿ ಇಎಂಎಂಸಿ ಇರುವ ಆಯ್ಕೆಗಳಿವೆ. ಬೀಗಲ್‌ಬೋನ್ ಬ್ಲ್ಯಾಕ್‌ನ ಸಿ ಆವೃತ್ತಿಯಲ್ಲಿ 4 ಜಿಬಿ ಇದೆ. ಇಎಂಎಂಸಿ 5.0 ಮತ್ತು ಆಮೇಲಿನ ಚಿಪ್ಪುಗಳು ತಾವು ಎಷ್ಟು ಸವೆದಿದ್ದೇವೆ ಎಂಬುದನ್ನು ಶೇಕಡಾ ಹತ್ತರ ಮೆಟ್ಟಿಲುಗಳಲ್ಲಿ ಕರ್ನಲ್‌ಗೆ ಹೇಳುತ್ತವೆ. ಆ ಅಂಕಿಯನ್ನು ದಿನಕ್ಕೊಮ್ಮೆ ಸರ್ವರಿಗೆ ಕಳಿಸಿದರೆ ಯಾವ ಡೇರಿಯ ಬೋರ್ಡ್ ಬದಲಿಸುವ ಕಾಲ ಬಂತು ಎಂದು ದಾವಣಗೆರೆಯಲ್ಲೇ ಕೂತು ತಿಳಿಯಬಹುದು.

ಕಾರ್ಡ್ ಬಿಟ್ಟು ಗತಿಯಿಲ್ಲ ಎಂದರೆ ಇಂಡಸ್ಟ್ರಿಯಲ್ ದರ್ಜೆಯದನ್ನೇ ಕೊಳ್ಳಿ. ಯಾವುದೇ ಆದರೂ ರೂಟ್ ಫೈಲ್ ಸಿಸ್ಟಮ್ (ಲಿನಕ್ಸ್ ಕೂತಿರುವ ಭಾಗ) ಓದಲು ಮಾತ್ರ ಇರಲಿ, ಬದಲಾವಣೆಗಳು ಓವರ್‌ಲೇ (ಮೇಲಿನ ತಾತ್ಕಾಲಿಕ ಪದರ) ಮೂಲಕ ರಾಮ್‌ನಲ್ಲಿ ಇರಲಿ, ಲಾಗ್‌ಗಳೂ ಅಲ್ಲೇ ಇರಲಿ. ಹಾಲಿನ ಲೆಕ್ಕಕ್ಕೆ ಬೇರೆಯದೇ ಪಾರ್ಟಿಷನ್ ಮಾಡಿ. ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುವವರು ಸಿಂಕ್ರೊನಸ್ ಎಂಬ ಸೆಟ್ಟಿಂಗನ್ನು ಫುಲ್ ಎಂದೇ ಇಡಿ. ಲೆಕ್ಕ ಫ್ಲ್ಯಾಶ್ ತಲುಪಿದ ಮೇಲೆಯೇ ಚೀಟಿ ಹೊರಬರಬೇಕು. ರೈತನ ಕೈಯಲ್ಲಿ ಚೀಟಿ ಇದ್ದು ಯಂತ್ರದಲ್ಲಿ ಲೆಕ್ಕವಿಲ್ಲ ಎಂಬ ಸ್ಥಿತಿ ಯಾವ ಕಾರಣಕ್ಕೂ ಬರಬಾರದು.

ಗಡಿಯಾರವನ್ನು ಮರೆಯುವವರು ಬಹಳ. ಪೈ 5ಕ್ಕಿಂತ ಹಿಂದಿನ ಸಾದಾ ಪೈಗಳಲ್ಲಿ ಬ್ಯಾಟರಿಯಿಂದ ಓಡುವ ಗಡಿಯಾರವೇ ಇಲ್ಲ, ಪೈ 5ರಲ್ಲೂ ಬ್ಯಾಟರಿಯನ್ನು ನಾವೇ ಜೋಡಿಸಬೇಕು. ನೆಟ್‌ವರ್ಕ್ ಸಿಗುವ ಮೊದಲೇ ಬೆಳಗಿನ ಅಳತೆ ಶುರುವಾದರೆ ಚೀಟಿಯ ಮೇಲೆ ಹಳೆಯ ಸಮಯ ಬೀಳುತ್ತದೆ. ತಾರೀಖು ತೀರಾ ತಪ್ಪಿದ್ದರೆ ಸರ್ವರಿನ ಸರ್ಟಿಫಿಕೇಟನ್ನೂ ಯಂತ್ರ ಒಪ್ಪುವುದಿಲ್ಲ. ಡಿಎಸ್3231 ಎಂಬ ಚಿಪ್, ಒಂದು ನಾಣ್ಯದಾಕಾರದ ಸೆಲ್ ಸಾಕು. ಅದು 0ಯಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಹತ್ತು ಲಕ್ಷಕ್ಕೆ ಎರಡರಷ್ಟು ಮಾತ್ರ ತಪ್ಪುತ್ತದೆ, ವರ್ಷಕ್ಕೆ ಸುಮಾರು ಒಂದು ನಿಮಿಷ.

ಹಂತ 6: ಕರ್ನಲ್ ನೋಡಿ ಬೋರ್ಡ್ ಕೊಳ್ಳಿ

ಎತ್ತು ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಲಿನಕ್ಸ್ ಬೋರ್ಡಿನಲ್ಲಿ ಹಾಗೆ ನೋಡಬೇಕಾದದ್ದು ಕರ್ನಲ್.

ಪ್ರತಿ ಬೋರ್ಡಿಗೂ ತಯಾರಕರು ಒಂದು ಸಿದ್ಧ ಇಮೇಜ್ (ಬೋರ್ಡಿಗೆ ನೇರ ಬರೆಯುವ ಪೂರ್ತಿ ಲಿನಕ್ಸ್ ಪ್ರತಿ) ಕೊಡುತ್ತಾರೆ. ಅದು ಬೂಟ್ ಆಗುತ್ತದೆ, ವೀಡಿಯೊ ಓಡುತ್ತದೆ, ಎಲ್ಲ ಸರಿ ಅನ್ನಿಸುತ್ತದೆ. ಒಳಗಿನ ಕರ್ನಲ್ ಯಾವ ಆವೃತ್ತಿ ಎಂದು ಕೇಳಿ. ರಾಕ್‌ಚಿಪ್ ಕಂಪನಿಯ ಆರ್‌ಕೆ3399 ಚಿಪ್ಪಿನ ಬೋರ್ಡುಗಳ ಜೊತೆ ಬಹುಕಾಲ ಬಂದದ್ದು ತಯಾರಕರು ತಿದ್ದಿದ 4.4 ಕರ್ನಲ್. ಮೂಲ 4.4 ಹೊರಬಂದದ್ದು 2016ರ ಜನವರಿಯಲ್ಲಿ, ಅದರ ದೀರ್ಘಾವಧಿ ಬೆಂಬಲ ನಿಂತದ್ದು 2022ರ ಫೆಬ್ರವರಿಯಲ್ಲಿ. ಅದಾದ ಮೇಲೆ ಸಿಕ್ಕ ಭದ್ರತಾ ದೋಷಗಳಿಗೆ ಮದ್ದು ಯಾರು ಹಚ್ಚಬೇಕು? ಸಿಮ್ ಹಾಕಿ ಇಂಟರ್‌ನೆಟ್ಟಿಗೆ ಬಿಟ್ಟ ಯಂತ್ರದ ಹೊಣೆ ನಿಮ್ಮದೇ. ಆರ್‌ಕೆ3399ಕ್ಕೆ ಈಗ ಮೂಲ ಕರ್ನಲ್‌ನಲ್ಲೇ ಒಳ್ಳೆಯ ಬೆಂಬಲ ಇದೆ, ಅದು ಸಮುದಾಯದ ವರ್ಷಗಳ ದುಡಿಮೆ. ಹೊಸ ಚಿಪ್ಪಿಗೆ ಆ ಭಾಗ್ಯ ಬರುವವರೆಗೆ ನಿಮ್ಮ ಯಂತ್ರ ಕಾಯುತ್ತದೆಯೇ ಎಂಬುದೇ ಪ್ರಶ್ನೆ.

ಪರೀಕ್ಷಿಸುವ ಕ್ರಮ ಹೀಗೆ. ಮೂಲ ಕರ್ನಲ್‌ನ ಇತ್ತೀಚಿನ ದೀರ್ಘಾವಧಿ ಆವೃತ್ತಿಯನ್ನು ಇಳಿಸಿಕೊಂಡು ಅದರ ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಎಂಬ ವಿವರ) ಫೋಲ್ಡರಿನಲ್ಲಿ ನಿಮ್ಮ ಬೋರ್ಡಿನ ಹೆಸರಿನ ಫೈಲ್ ಇದೆಯೇ ನೋಡಿ. ಇದ್ದರೆ ತೆರೆದು ನಿಮಗೆ ಬೇಕಾದ ಯುಎಆರ್‌ಟಿ, ಇಎಂಎಂಸಿ, ಈಥರ್ನೆಟ್, ಡಿಸ್‌ಪ್ಲೇ ಅದರಲ್ಲಿವೆಯೇ ಓದಿ. ಆಮೇಲೆ ಕರ್ನಲ್ಲನ್ನು ಎಬ್ಬಿಸುವ ಬೂಟ್‌ಲೋಡರ್ ಆದ ಮೂಲ ಯು-ಬೂಟ್‌ನಲ್ಲೂ ಇಮೇಜ್ ಕಟ್ಟುವ ಬಿಲ್ಡ್‌ರೂಟ್‌ನ ಸಿದ್ಧ ಸಂರಚನೆಗಳಲ್ಲೂ ಹುಡುಕಿ. ಮೂರರಲ್ಲೂ ಹೆಸರಿದ್ದರೆ ಕಣ್ಣು ಮುಚ್ಚಿ ಮುಂದಿನ ಹಂತಕ್ಕೆ ಹೋಗಬಹುದು. ಎಲ್ಲೂ ಇಲ್ಲದೆ, ಗೂಗಲ್ ಡ್ರೈವಿನ ಒಂದು ಕೊಂಡಿಯಲ್ಲಿ ಮಾತ್ರ ಇಮೇಜ್ ಸಿಗುವ ಬೋರ್ಡಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಕೈಬಿಡಿ.

ನಿಮ್ಮ ಕೋಡ್ ಕೂಡ ಬೋರ್ಡಿಗೆ ಅಂಟಿಕೊಳ್ಳಬಾರದು. ಪೈ 5ರಲ್ಲಿ ಪಿನ್ನುಗಳು ಆರ್‌ಪಿ1 ಎಂಬ ಬೇರೆ ಚಿಪ್ಪಿಗೆ ಹೋದವು. ಚಿಪ್ಪಿನ ರಿಜಿಸ್ಟರುಗಳನ್ನು ನೇರ ಮುಟ್ಟುತ್ತಿದ್ದ ಹಳೆಯ ಲೈಬ್ರರಿಗಳು ಅಲ್ಲಿ ನಡೆಯಲಿಲ್ಲ. ಕರ್ನಲ್‌ನ ದಾರಿಯಲ್ಲೇ ಹೋಗುವ ಲಿಬ್‌ಜಿಪಿಐಒಡಿ ಲೈಬ್ರರಿ ಬಳಸಿ ಬರೆದವರು ಪಿನ್ನಿನ ಹೆಸರು ಬದಲಿಸಿದರೆ ಸಾಕಿತ್ತು. 32 ಬಿಟ್ ಬೋರ್ಡ್ ಆರಿಸುವವರು 2038ರ ಜನವರಿಯನ್ನೂ ನೆನಪಿಡಿ. 32 ಬಿಟ್‌ನಲ್ಲಿ ಸೆಕೆಂಡ್ ಎಣಿಸುವ ಗಡಿಯಾರಗಳು ಅಲ್ಲಿಗೆ ತುಂಬುತ್ತವೆ. 5.6ರ ನಂತರದ ಕರ್ನಲ್, ಜೊತೆಗೆ 64 ಬಿಟ್ ಸಮಯಕ್ಕೆ ಕಟ್ಟಿದ ಲೈಬ್ರರಿಗಳು ಇದ್ದರೆ ತೊಂದರೆಯಿಲ್ಲ.

ಹಂತ 7: ಈಗ ಬೋರ್ಡುಗಳ ಕಡೆ ನೋಡೋಣ

ರಾಸ್ಪ್‌ಬೆರಿ ಪೈ 2012ರಲ್ಲಿ ಬಂದದ್ದು ಕಲಿಯುವ ಮಕ್ಕಳಿಗಾಗಿ. ಅದರ ದೊಡ್ಡ ಶಕ್ತಿ ದಾಖಲೆ ಮತ್ತು ಜನ. ಯಾವ ತೊಡಕಿಗೂ ಯಾರೋ ಉತ್ತರ ಬರೆದಿಟ್ಟಿರುತ್ತಾರೆ. ಪ್ರತಿ ಮಾದರಿಯನ್ನು ಯಾವ ವರ್ಷದವರೆಗೆ ತಯಾರಿಸುತ್ತೇವೆ ಎಂದೂ ಅವರು ಪ್ರಕಟಿಸುತ್ತಾರೆ. ಹಾಗಿದ್ದೂ 2021ರಿಂದ 2023ರವರೆಗೆ ಜಗತ್ತಿನಾದ್ಯಂತ ಚಿಪ್ ಕೊರತೆಯಲ್ಲಿ ಪೈ ಸಿಗುವುದೇ ಕಷ್ಟವಾಗಿತ್ತು. ಪ್ರಾಜೆಕ್ಟಿಗೆ ಸಾದಾ ಪೈ, ಮಾರುವ ಯಂತ್ರಕ್ಕೆ ಕಂಪ್ಯೂಟ್ ಮಾಡ್ಯೂಲ್ ಎಂಬುದು ನನ್ನ ನಿಯಮ. ಮಾಡ್ಯೂಲ್ 4 ಬಂದದ್ದು 2020ರ ಅಕ್ಟೋಬರಿನಲ್ಲಿ, ಅದರ ಉಷ್ಣ ಮಿತಿ ಋಣ 20ರಿಂದ 85 ಡಿಗ್ರಿ. ಪೈ ಝೀರೋ 2 ಡಬ್ಲ್ಯು ಅಗ್ಗ, ವಿದ್ಯುತ್ತೂ ಕಡಿಮೆ. ಆದರೆ 512 ಎಂಬಿ ರಾಮ್, ಒಂದೇ ಯುಎಸ್‌ಬಿ, ಎಸ್‌ಡಿ ಕಾರ್ಡ್. ಮೂರು ಸಾಧನ ಜೋಡಿಸುವ ಡೇರಿಗೆ ಇಕ್ಕಟ್ಟು.

ಬೀಗಲ್‌ಬೋನ್ ಬ್ಲ್ಯಾಕ್ 2013ರದು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಚಿಪ್, ಒಂದೇ ಕೋರ್, 1 ಗಿಗಾಹರ್ಟ್ಸ್, 512 ಎಂಬಿ. ಅಂಕಿ ನೋಡಿ ಮೂಗು ಮುರಿಯಬೇಡಿ. ಸರ್ಕ್ಯೂಟ್ ನಕ್ಷೆ ಪೂರ್ತಿ ಬಯಲಿನಲ್ಲಿದೆ, ಮೂಲ ಕರ್ನಲ್ ಬೆಂಬಲ ಬಹಳ ಹಳೆಯದು, ಗಟ್ಟಿಯಾದದ್ದು. 200 ಮೆಗಾಹರ್ಟ್ಸ್‌ನ ಎರಡು ಪುಟ್ಟ ಪ್ರೊಸೆಸರುಗಳು ಲಿನಕ್ಸಿನ ಹಂಗಿಲ್ಲದೆ ಪಿನ್ನು ಆಡಿಸುತ್ತವೆ. ಪೈನಲ್ಲಿ ಇಲ್ಲದ ಅನಲಾಗ್ ಇನ್‌ಪುಟ್ ಇದರಲ್ಲಿದೆ, ಅದಕ್ಕೆ 1.8 ವೋಲ್ಟ್ ಮೀರಿ ಕೊಡಬಾರದು ಅಷ್ಟೆ. ಡೇರಿಯ ಕೆಲಸಕ್ಕೆ ಇದರ ವೇಗ ಸಾಕು.

ಮೋಟಾರ್, ಎನ್‌ಕೋಡರ್ (ತಿರುಗುವಿಕೆ ಅಳೆಯುವ ಭಾಗ) ಇರುವ ಯಂತ್ರವಾದರೆ ಎಸ್‌ಟಿಎಂ32ಎಂಪಿ157 ಚಿಪ್ ನೋಡಿ. ಎರಡು ಕಾರ್ಟೆಕ್ಸ್-ಎ7 ಕೋರುಗಳಲ್ಲಿ ಲಿನಕ್ಸ್, ಪಕ್ಕದ ಎಂ4 ಕೋರಿನಲ್ಲಿ ಕ್ಷಣ ತಪ್ಪದ ನಿಯಂತ್ರಣ. ಲಿನಕ್ಸ್‌ನಲ್ಲೇ ಸಮಯಬದ್ಧತೆ ಸಾಕು ಎನ್ನುವವರಿಗೆ ಅದಕ್ಕೆಂದೇ ಇರುವ ಪ್ರಿಎಂಪ್ಟ್-ಆರ್‌ಟಿ 2024ರ ನವೆಂಬರಿನ 6.12ರಿಂದ 64 ಬಿಟ್ ಎಆರ್‌ಎಂ ಚಿಪ್ಪುಗಳಿಗೆ ಮೂಲ ಕರ್ನಲ್ಲಿನಲ್ಲೇ ಇದೆ. ಎನ್‌ಎಕ್ಸ್‌ಪಿ ಕಂಪನಿಯ ಐ.ಎಂಎಕ್ಸ್ ಚಿಪ್ಪುಗಳಿಗೆ 10 ವರ್ಷ, ಕೆಲವಕ್ಕೆ 15 ವರ್ಷ ಪೂರೈಕೆಯ ಕಾರ್ಯಕ್ರಮ ಇದೆ. ಅವು ಮಾಡ್ಯೂಲ್ ರೂಪದಲ್ಲಿ ಸಿಗುವುದರಿಂದ ಕಷ್ಟದ ಡಿಡಿಆರ್ ಮೆಮೊರಿ ವೈರಿಂಗ್ ಮಾಡ್ಯೂಲಿನಲ್ಲೇ ಮುಗಿದಿರುತ್ತದೆ. ನೀವು ಮಾಡಬೇಕಾದದ್ದು ಕನೆಕ್ಟರು, ಪವರ್ ಇರುವ ಸರಳ ಕ್ಯಾರಿಯರ್ ಬೋರ್ಡ್. ದಾವಣಗೆರೆಯಲ್ಲಿ ಕೂತು ನೂರು ಯಂತ್ರ ಮಾಡುವವರಿಗೆ ಇದು ಕೈಗೆಟಕುವ ದಾರಿ.

ಭೀಮಸಮುದ್ರದ ಅಡಿಕೆಯನ್ನು ಕ್ಯಾಮೆರಾದಲ್ಲಿ ವಿಂಗಡಿಸುವ ಯಂತ್ರಕ್ಕಾದರೆ ಮಾತ್ರ ನಾನು ಎಂಟು ಕೋರಿನ ಆರ್‌ಕೆ3588 ಅಥವಾ ಎನ್‌ಪಿಯು (ಕೃತಕ ಬುದ್ಧಿಮತ್ತೆಯ ಲೆಕ್ಕಕ್ಕೆಂದೇ ಇರುವ ಭಾಗ) ಇರುವ ಐ.ಎಂಎಕ್ಸ್ 8ಎಂ ಪ್ಲಸ್ ಕಡೆ ತಿರುಗುತ್ತೇನೆ. ಅಲ್ಲಿ ವೇಗಕ್ಕೆ ನಿಜವಾದ ಕೆಲಸವಿದೆ.

ಡೇರಿಗೆ ನನ್ನ ಆಯ್ಕೆ: ಇಎಂಎಂಸಿ ಇರುವ ಕಂಪ್ಯೂಟ್ ಮಾಡ್ಯೂಲ್ 4, ಆರ್‌ಎಸ್-232 ಮತ್ತು ಗಡಿಯಾರ ಇರುವ ಇಂಡಸ್ಟ್ರಿಯಲ್ ಕ್ಯಾರಿಯರ್ ಬೋರ್ಡ್. ಮಾಡ್ಯೂಲ್ ಕೆಟ್ಟರೆ ಅದೊಂದನ್ನೇ ಕಳಚಿ ಬದಲಿಸಬಹುದು.

ಮೋಡೆಮ್ ಬಗ್ಗೆ ಎರಡೇ ಮಾತು. 2ಜಿ ಮಾಡ್ಯೂಲ್ ಅಗ್ಗವೆಂದು ಕೊಳ್ಳಬೇಡಿ, ಜಿಯೊ ಸಿಮ್ ಅದರಲ್ಲಿ ನಡೆಯುವುದೇ ಇಲ್ಲ. ಎಲ್‌ಟಿಇ (4ಜಿ) ಕ್ಯಾಟ್-1 ತೆಗೆದುಕೊಳ್ಳಿ, ರೇಡಿಯೊ ಸಾಧನಗಳಿಗೆ ಅನುಮತಿ ಕೊಡುವ ಭಾರತದ ಡಬ್ಲ್ಯುಪಿಸಿಯ ಒಪ್ಪಿಗೆ ಇರುವ ಮಾಡ್ಯೂಲೇ ಬೇಕೆಂದು ಕೇಳಿ ಪಡೆಯಿರಿ.

ಹಂತ 8: ಬಿಸಿಲು, ಧೂಳು, ಪೆಟ್ಟಿಗೆ

ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಮುಚ್ಚಿದ ಪೆಟ್ಟಿಗೆಯ ಒಳಗೆ ಹೊರಗಿಗಿಂತ ಎಷ್ಟೋ ಹೆಚ್ಚು ಕಾವು. ಪೈ 4 ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಹಾಕಿದರೆ ಧೂಳು ಒಳಗೆಳೆಯುತ್ತದೆ, ಒಂದೆರಡು ವರ್ಷಕ್ಕೆ ಅದೇ ಮೊದಲು ನಿಲ್ಲುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಗೆ ಥರ್ಮಲ್ ಪ್ಯಾಡ್ ಇಟ್ಟು ಚಿಪ್ಪನ್ನು ತಾಗಿಸಿ, ಪೆಟ್ಟಿಗೆಯೇ ಹೀಟ್‌ಸಿಂಕ್ ಆಗಲಿ. ಕೇಬಲ್ ಹೋಗುವ ತೂತುಗಳಿಗೆ ಸಂದು ಮುಚ್ಚುವ ಗ್ಲ್ಯಾಂಡ್ ಬಿಗಿಯಿರಿ. ಇರುವೆ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ. ಬೋರ್ಡಿನ ಮೇಲೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಬಳಿಯುವಾಗ ಕನೆಕ್ಟರುಗಳಿಗೆ ಟೇಪ್ ಹಚ್ಚುವುದನ್ನು ಮರೆಯಬೇಡಿ.

ಹಂತ 9: ಎರಡು ಮೂರು ಕೊಂಡು ಸಾಯಿಸಲು ಪ್ರಯತ್ನಿಸಿ

ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ಆನ್‌ಲೈನಿನಿಂದಲೋ ಮೊದಲು ಎರಡು ಮೂರು ಪೀಸ್ ಮಾತ್ರ ತರಿಸಿ, ಜಿಎಸ್‌ಟಿ ಬಿಲ್ಲಿನ ಜೊತೆ. ಒಂದು ಟೈಮರ್ ರಿಲೇ ಜೋಡಿಸಿ: 90 ಸೆಕೆಂಡ್ ಕರೆಂಟ್, 10 ಸೆಕೆಂಡ್ ಕತ್ತಲು. ದಿನಕ್ಕೆ 864 ಸಲ ಬೋರ್ಡ್ ಬಿದ್ದು ಏಳುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪ್ರೋಗ್ರಾಂ ಸುಳ್ಳು ಹಾಲಿನ ಲೆಕ್ಕ ಬರೆಯುತ್ತಲೇ ಇರಲಿ. ಸೀರಿಯಲ್ ಕನ್ಸೋಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ದಾಖಲಿಸಿ. ಒಂದು ವಾರ ಬಿಟ್ಟು, ಬರೆದ ಪ್ರತಿ ಲೆಕ್ಕವೂ ಇದೆಯೇ ಎಂದು ತಾಳೆ ನೋಡಿ. ಒಂದೇ ಒಂದು ಕಾಣೆಯಾಗಿದ್ದರೂ ಹಂತ 5ಕ್ಕೆ ಹಿಂದಿರುಗಿ.

ಯಂತ್ರ ಸಿಕ್ಕಿಕೊಂಡರೆ ರೀಬೂಟ್ ಮಾಡಿಸುವ ವಾಚ್‌ಡಾಗ್ ಟೈಮರ್ ಕೂಡ ಪರೀಕ್ಷೆಯಾಗಬೇಕು. ಕರ್ನಲ್ಲನ್ನು ಬೇಕೆಂತಲೇ ಪ್ಯಾನಿಕ್ ಮಾಡಿಸಿ (ಕುಸಿಯುವಂತೆ ಮಾಡಿ), ಯಂತ್ರ ತಾನೇ ಏಳುತ್ತದೆಯೇ ನೋಡಿ. ಪೈನ ಹಾರ್ಡ್‌ವೇರ್ ವಾಚ್‌ಡಾಗ್‌ನ ಗರಿಷ್ಠ ಅವಧಿ ಸುಮಾರು 15 ಸೆಕೆಂಡ್, ಅದಕ್ಕಿಂತ ಹೆಚ್ಚು ಕೇಳಿದರೆ ಸಿಗದು. ಡಿಸ್ಕ್ ತುಂಬಿಸಿ ನೋಡಿ, ಓಡುತ್ತಿರುವಾಗಲೇ ಸಿಮ್ ಕಿತ್ತು ನೋಡಿ. ತಕ್ಕಡಿಯ ಕೇಬಲ್ ಎಳೆದು ಮತ್ತೆ ಹಾಕಿ. ಬೇಸಿಗೆಯಲ್ಲಿ ಪೆಟ್ಟಿಗೆ ಮುಚ್ಚಿ ತಾರಸಿಯ ಮೇಲೆ ಇಟ್ಟು ಮಧ್ಯಾಹ್ನದ ಕಾವಿನ ಅಂಕಿ ತೆಗೆದುಕೊಳ್ಳಿ.

ಹಂತ 10: ಅಪ್‌ಡೇಟ್ ಮತ್ತು ಬದಲಿ

ಮೊದಲ ಯಂತ್ರ ಹಳ್ಳಿಗೆ ಹೋಗುವ ಮುನ್ನವೇ ಎರಡು ರೂಟ್ ಪಾರ್ಟಿಷನ್ ಇರಲಿ. ಹೊಸ ಇಮೇಜ್ ಎರಡನೆಯದಕ್ಕೆ ಬರೆದು, ಅದು ಸರಿಯಾಗಿ ಏಳದಿದ್ದರೆ ಬೂಟ್‌ಲೋಡರ್ ಹಳೆಯದಕ್ಕೆ ಮರಳಬೇಕು. ರಾಕ್ (RAUC), ಎಸ್‌ಡಬ್ಲ್ಯುಅಪ್‌ಡೇಟ್, ಮೆಂಡರ್ ಎಂಬ ಮೂರು ತಂತ್ರಾಂಶಗಳೂ ಈ ಕೆಲಸ ಮಾಡುತ್ತವೆ. ಇಎಂಎಂಸಿ 8 ಜಿಬಿ ಇದ್ದರೆ ಎರಡು ಇಮೇಜಿಗೂ ಲೆಕ್ಕಕ್ಕೂ ಜಾಗ ಸಾಕು.

ಕರ್ನಲ್ ಸಂರಚನೆ, ಡಿವೈಸ್ ಟ್ರೀ, ಬಿಲ್ಡ್‌ರೂಟ್ ಆವೃತ್ತಿ, ಇಳಿಸಿಕೊಂಡ ಮೂಲ ಪ್ಯಾಕೇಜುಗಳು ಎಲ್ಲವನ್ನೂ ಒಂದೇ ಗಿಟ್ ರೆಪೊದಲ್ಲೋ ಡಿಸ್ಕಿನಲ್ಲೋ ಇಡಿ. ಅದರಿಂದ ಇಂಟರ್‌ನೆಟ್ ಇಲ್ಲದೆ ಅದೇ ಇಮೇಜ್ ಮತ್ತೆ ಕಟ್ಟಲು ಆಗುತ್ತದೆಯೇ ಎಂದು ಬೇರೊಂದು ಕಂಪ್ಯೂಟರಿನಲ್ಲಿ ಮಾಡಿ ನೋಡಿ. ಪ್ರತಿ ತಾಲ್ಲೂಕಿಗೆ ಇಮೇಜ್ ಬರೆದಿಟ್ಟ ಒಂದೊಂದು ಬದಲಿ ಮಾಡ್ಯೂಲ್ ಇರಲಿ, ಅದರ ಮೇಲೆ ಆವೃತ್ತಿ ಮತ್ತು ತಾರೀಖು ಅಂಟಿಸಿ. ಯಂತ್ರ ಕೂರಿಸಿದ ದಿನವೇ ಡೇರಿಯ ಕಾರ್ಯದರ್ಶಿಯವರ ಕೈಯಿಂದ ಒಮ್ಮೆ ಮಾಡ್ಯೂಲ್ ಬದಲಿಸಿ, ಒಂದು ಚೀಟಿ ಹೊರತೆಗೆಸಿ, ಅಂದಿನ ಲೆಕ್ಕ ಸರ್ವರಿಗೆ ತಲುಪಿತೇ ಎಂದು ಖಚಿತ ಮಾಡಿಕೊಂಡು ಹೊರಡಿ.